ಗಲ್ಲಾಪೆಟ್ಟಿಗೆಯ ಪಕ್ಕದ ಲಿನಕ್ಸ್

ಮದರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯಲ್ಲಿ ಸದಾನಂದರ ಹೋಟೆಲು. ಅಲ್ಲಿಗೆ ಬರುವವರು ಹೆಚ್ಚಾಗಿ ಸಗಟು ಅಂಗಡಿಗಳ ಗುಮಾಸ್ತರು. ಅವರಿಗೆ ಸಾಂಬಾರು ಬಿಸಿಯಾಗಿರಬೇಕು, ಬಿಲ್ಲು ಬೇಗ ಬರಬೇಕು. ಅದರಾಚೆ ಸದಾನಂದರಿಂದ ಅವರಿಗೆ ಬೇಕಾದದ್ದು ಏನೂ ಇರಲಿಲ್ಲ. ಆದರೆ ತಮ್ಮಿಂದ ಲೋಕಕ್ಕೆ ಇನ್ನೂ ಎಷ್ಟೋ ಆಗಬೇಕಾಗಿದೆ ಎಂದು ಸದಾನಂದರಿಗೆ ಅನಿಸುತ್ತಿತ್ತು. ಗ್ರೈಂಡರಿನ ಮೋಟಾರಿನಿಂದ ಹಿಡಿದು ಚಂದ್ರನಿಗೆ ಹಾರಿಸುವ ರಾಕೆಟ್ಟಿನವರೆಗೆ ಯಾವ ಮಾತು ಬಂದರೂ "ಅದು ನನಗೆ ಗೊತ್ತುಂಟು" ಎನ್ನದೆ ಅವರಿಂದ ಇರಲಾಗುತ್ತಿರಲಿಲ್ಲ. ಈ ಚಾಳಿ ಅವರಿಗೇ ಗೊತ್ತಿತ್ತು. "ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಹೊರಟ್ರೆ ನನ್ನ ನಾಲಗೆಯಲ್ಲಿ ಒಂದು ಎಲುಬು ಅಡ್ಡ ಬರ್ತದೆ ಮಾರಾಯ್ತಿ" ಎಂದು ಹೆಂಡತಿ ಜಲಜಾಕ್ಷಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ನಕ್ಕು ಮುಗಿಸಿ ಮತ್ತೆ ಅದನ್ನೇ ಮಾಡುತ್ತಿದ್ದರು.

ಎರಡು ಸಾವಿರದ ಎಂಟನೇ ಇಸವಿ. ಟಿ. ನಗರದಲ್ಲಿ ಒಂದು ಮದುವೆಯೂಟಕ್ಕೆ ಕೂತಾಗ ಜಲಜಾಕ್ಷಿಯ ದೊಡ್ಡಮ್ಮನ ಮಗ ವಿಶ್ವನಾಥ ಒಬ್ಬ ಹುಡುಗನನ್ನು ಕರೆತಂದು ಪಕ್ಕದಲ್ಲೇ ಕೂರಿಸಿದ. ಹೆಸರು ಮಿಥುನ್, ಊರು ಕಾರ್ಕಳ, ಮದರಾಸಿನದೇ ಗಿಂಡಿ ಎಂಬ ಬಡಾವಣೆಯ ಪಂಪ್‌ಸೆಟ್ ಕಂಪೆನಿಯ ಮಾರಾಟ ವಿಭಾಗದಲ್ಲಿ ಕೆಲಸ. ಸದಾನಂದರ ಮಗಳು ನಮಿತಾಳಿಗೆ ಆದೀತು ಎಂಬುದು ವಿಶ್ವನಾಥನ ಲೆಕ್ಕ. ಪಾಯಸ ಬರುವ ಹೊತ್ತಿಗೆ ಹುಡುಗನ ಮಾತು ಕಂಪ್ಯೂಟರಿಗೆ ತಿರುಗಿತು.

"ಈಗ ಎಲ್ಲ ಲಿನಕ್ಸ್ ಅಂಕಲ್. ವಿಂಡೋಸಿನ ಬದಲಿಗೆ ಅದನ್ನೇ ಹಾಕೋದು. ದುಡ್ಡು ಕೊಡ್ಬೇಕಿಲ್ಲ, ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು. ನಾನಂತೂ ಬೇರೆ ಯಾವ್ದನ್ನೂ ಮುಟ್ಟೋದಿಲ್ಲ."

ಸದಾನಂದರು ಆ ಹೆಸರನ್ನು ಕೇಳಿದ್ದೇ ಅಂದು. ಆದರೆ ಬಾಯಿ ಅವರನ್ನು ಕಾಯಲಿಲ್ಲ. "ಹೌದಲ್ಲ? ನಮ್ಮ ಹೋಟೆಲಲ್ಲೂ ಅದೇ ಇರುವುದು."

ಹುಡುಗನ ಕೈಯಲ್ಲಿದ್ದ ಹಪ್ಪಳ ಎಲೆಗೆ ಬಿತ್ತು. ವಿಶ್ವನಾಥನಿಗೆ ಮಾತ್ರ ಖುಷಿಯೋ ಖುಷಿ. "ಹಾಗಾದ್ರೆ ಬರುವ ಆದಿತ್ಯವಾರ ಇವನ ಅಮ್ಮನನ್ನೂ ಕರ್ಕೊಂಡು ಬರ್ತೇವೆ ಭಾವ. ಹುಡುಗಿಯನ್ನು ನೋಡಿದ ಹಾಗೂ ಆಯ್ತು, ನಿಮ್ಮ ಲಿನಕ್ಸ್ ನೋಡಿದ ಹಾಗೂ ಆಯ್ತು!"

ಹೋಟೆಲಿನ ಗಲ್ಲಾದ ಪಕ್ಕ ಒಂದು ಕಂಪ್ಯೂಟರ್ ಇದ್ದದ್ದು ನಿಜ. ರಿಚ್ಚಿ ಸ್ಟ್ರೀಟಿನ ಬಾಬು ಎಂಬ ರಿಪೇರಿಯವನು ಅದರೊಳಗೆ ವಿಂಡೋಸನ್ನೂ ಬಿಲ್ಲು ಹಾಕುವ ಪ್ರೋಗ್ರಾಮನ್ನೂ ಹಾಕಿಕೊಟ್ಟಿದ್ದ. ಒತ್ತಿದರೆ ಬಿಲ್ಲು ಬರುತ್ತದೆ ಎಂಬಲ್ಲಿಗೆ ಸದಾನಂದರ ಕಂಪ್ಯೂಟರ್ ಜ್ಞಾನ ಮುಗಿಯುತ್ತಿತ್ತು. ಆದಿತ್ಯವಾರದೊಳಗೆ ಅದರಲ್ಲಿ ಲಿನಕ್ಸ್ ಇರಬೇಕು. ಬಾಬುವನ್ನೇ ಕರೆಸಿದರೆ ಅರ್ಧ ದಿನದ ಕೆಲಸ. ಕರೆಸಿದರೆ ತನಗೆ ಗೊತ್ತಿಲ್ಲ ಎಂದು ಬಾಬುವಿಗೆ ಗೊತ್ತಾಗುತ್ತದಲ್ಲ! ಬಾಬುವಿನ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆದು, ನಾಲ್ಕು ಅಂಗಡಿ ಆಚೆ ಹೋಗಿ ಸೀಡಿ ಕೇಳಿದರು.

ಲಿನಕ್ಸ್ ಎಂದರೆ ಒಂದೇ ಎಂದುಕೊಂಡು ಹೋದವರ ಮುಂದೆ ಅಂಗಡಿಯವನು ಸೀರೆ ಹರಡಿದ ಹಾಗೆ ಹರಡಿಬಿಟ್ಟ. ಫೆಡೋರಾ, ಸೂಸೆ, ಮಾಂಡ್ರಿವಾ, ಡೆಬಿಯನ್.

"ಇದುಲೆ ಈಸಿ ಎದುಪ್ಪಾ?" ಎಂದು ಸದಾನಂದರು ಸುಲಭದ್ದು ಯಾವುದೆಂದು ತಮಿಳಿನಲ್ಲಿ ಕೇಳಿದರು.

"ಎಲ್ಲಾಮೇ ಈಸಿ ದಾನ್ ಸಾರ್" ಎಂದ ಅವನು, ಜೇಬಿನಿಂದ ಕೈ ತೆಗೆಯದೆ.

ಕೊಯಂಬೇಡು ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸಿ ಗೊತ್ತಿದ್ದ ಸದಾನಂದರು ಇಲ್ಲೂ ಅದೇ ವಿದ್ಯೆ ಬಳಸಿದರು. ಒಂದರದ್ದು ಆರು ಸೀಡಿ. ಆರು ಸೀಡಿ ಇದ್ದದ್ದು ಸುಲಭ ಹೇಗಾದೀತು? ಇನ್ನೊಂದರ ಮೇಲೆ ಹಸಿರು ಓತಿಕ್ಯಾತದ ಚಿತ್ರ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹಲ್ಲಿಯ ಸಂತತಿ ಬೇಡವೆಂದು ಬದಿಗಿಟ್ಟರು. ಕೊನೆಗೆ ಕಂದು ಬಣ್ಣದ ಲಕೋಟೆಯಲ್ಲಿ ಒಂದೇ ಒಂದು ಸೀಡಿ ಕಂಡಿತು. ಹೆಸರು ಓದಿದರು: ಉಬುಂಟು. ಮತ್ತೊಮ್ಮೆ ಓದಿದರು. ಉಂಟು! ಘಟ್ಟದ ಕೆಳಗಿನವರಲ್ಲದೆ ಬೇರೆ ಯಾರು ಈ ಹೆಸರಿಟ್ಟಾರು? ಹಾಕುವ ಮೊದಲು ಸೀಡಿಯಿಂದಲೇ ನಡೆಸಿ ನೋಡಬಹುದು ಎಂದು ಅಂಗಡಿಯವನು ಹೇಳಿದಾಗ ಅವರ ಮನಸ್ಸು ಪೂರಾ ಒಲಿಯಿತು. ಸಾರನ್ನು ಅಂಗೈಗೆ ಹಾಕಿ ರುಚಿ ನೋಡಿದ ಹಾಗಾಯಿತಲ್ಲ. ಆಯ್ಕೆಯೇನೋ ಚೆನ್ನಾಗಿಯೇ ಇತ್ತು. ಆರಿಸಿದ್ದು ಮಾತ್ರ ಬುದ್ಧಿಯಿಂದಲ್ಲ.

ಶನಿವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸದಾನಂದರು ಕುರ್ಚಿ ಎಳೆದುಕೊಂಡು ಕೂತರು. ಮಹಡಿಯ ಮೇಲಿನ ಮನೆಯಿಂದ ನಮಿತಾ ಇಳಿದು ಬಂದಳು. ಬಿಕಾಂ ಮುಗಿಸಿದ ಹುಡುಗಿ. ಮದರಾಸಿನಲ್ಲೇ ಹುಟ್ಟಿ ಬೆಳೆದದ್ದರಿಂದ ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಅರ್ಧ ತಮಿಳಿನಲ್ಲಿ.

"ಅಪ್ಪಾ, ಬ್ಯಾಕಪ್ ಎಡುತ್ತಾಚಾ?"

ಒಳಗಿದ್ದದ್ದನ್ನೆಲ್ಲ ನಕಲು ತೆಗೆದಿಟ್ಟಾಯಿತೇ ಎಂದು ಅವಳು ಕೇಳಿದ್ದು. ಸದಾನಂದರು ಮೇಜಿನಡಿ ಬಗ್ಗಿ, ಕರೆಂಟು ಹೋದಾಗ ಕಂಪ್ಯೂಟರನ್ನು ಉಳಿಸುವ ಬ್ಯಾಟರಿ ಪೆಟ್ಟಿಗೆಯನ್ನು ನೋಡಿದರು. ಹಸಿರು ದೀಪ ಉರಿಯುತ್ತಿತ್ತು. "ಉಂಟುಂಟು. ಅರ್ಧ ಗಂಟೆ ಧಾರಾಳ ಬರ್ತದೆ. ನೀನು ಹೋಗು, ನಾಳೆಗೆ ಯಾವ ಸೀರೆ ನೋಡ್ಕೋ."

ನಮಿತಾ ಒಂದು ಗಳಿಗೆ ಅಪ್ಪನನ್ನೇ ನೋಡಿ, ಭುಜ ಹಾರಿಸಿ ಹೊರಟುಹೋದಳು.

ಕಂಪ್ಯೂಟರ್ ಪ್ರಶ್ನೆ ಕೇಳುತ್ತಾ ಹೋಯಿತು. ಯಾವ ಭಾಷೆ? ಯಾವ ಊರಿನ ಗಡಿಯಾರ? ಮದರಾಸು ಎಲ್ಲೂ ಕಾಣದೆ ಕಲ್ಕತ್ತವನ್ನೇ ಒತ್ತುವಾಗ ಸದಾನಂದರಿಗೆ ಸ್ವಲ್ಪ ಅವಮಾನವಾಯಿತು. ಆಮೇಲೆ, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಪೂರ್ತಿ ಬಳಸಲೇ ಎಂದು ಅದು ಸ್ಪಷ್ಟವಾಗಿಯೇ ಕೇಳಿತು. ತೊಳೆಯದ ಪಾತ್ರೆಗೆ ಹೊಸ ಹಾಲು ಹೊಯ್ಯುವವರುಂಟೇ ಎಂದುಕೊಂಡು ಸದಾನಂದರು ಒತ್ತಿದರು. ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರದೆಯ ಮೇಲೆ ಕಾಫಿ ಬಣ್ಣದ ಚಂದದ ಚಿತ್ರ. ಇಷ್ಟೇ ತಾನೆ! ಇದಕ್ಕೆ ಇಂಜಿನಿಯರುಗಳು ಯಾಕೆ? ಅಡುಗೆಮನೆಗೆ ಹೋಗಿ ದೋಸೆ ಹೊಯ್ಯುವ ನಾಗರಾಜನನ್ನು ಕರೆತಂದು ತೋರಿಸಿದರು. ನಾಗರಾಜ, "ಚಂದ ಉಂಟು. ಬಿಲ್ಲು ಎಲ್ಲಿಂದ ಒತ್ತುವುದು?" ಎಂದು ಕೇಳಿದ.

ಸದಾನಂದರು ಮತ್ತೆ ಪರದೆಗೆ ಬಗ್ಗಿದರು. ಬಿಲ್ಲಿನ ಪ್ರೋಗ್ರಾಮು ಇರಲಿಲ್ಲ. ಹುಡುಕಿದರು, ಲೆಕ್ಕದ ಯಂತ್ರ ಸಿಕ್ಕಿತು, ಇಸ್ಪೀಟು ಸಿಕ್ಕಿತು, ಬಿಲ್ಲು ಸಿಗಲಿಲ್ಲ. ಸಂಜೆಯ ಕಾಫಿಗೆ ಜನ ನುಗ್ಗಿದಾಗ ಚೀಟಿಯಲ್ಲಿ ಕೈಬರಹದ ಬಿಲ್ಲು ಬರೆದು ಕೊಟ್ಟರು. "ಎನ್ನ ಮುದಲಾಳಿ, ಮೆಷಿನ್ ಅವುಟ್ಟಾ?" ಎಂದು, ಯಂತ್ರ ಕೆಟ್ಟಿತೇ ಎಂದು ಕೇಳಿದ ಗಿರಾಕಿಗಳಿಗೆಲ್ಲ, "ಪುದು ಸಿಸ್ಟಮ್ ವರುದು" ಎಂದು ಹೊಸದರ ಹೆಸರು ಹೇಳಿದರು.

ಆದಿತ್ಯವಾರ ಹೋಟೆಲಿಗೆ ರಜೆ. ವಿಶ್ವನಾಥ ಮಿಥುನ್‌ನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಬಂದ. ಜಲಜಾಕ್ಷಿಯ ಗೋಳಿಬಜೆ, ನಮಿತಾಳ ನಮಸ್ಕಾರ, ಕಾರ್ಕಳದ ಸುದ್ದಿ ಎಲ್ಲ ಆದ ಮೇಲೆ ಸದಾನಂದರು ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋದರು. ಬಿಲ್ಲಿನ ಮಾತು ಯಾರೂ ಎತ್ತಲಾರರು ಎಂಬ ಧೈರ್ಯವಿತ್ತು.

"ಕೂತ್ಕೊಳ್ಳಿ ಮಿಥುನ್. ಹೇಗುಂಟು ನೋಡಿ ಹೇಳಿ."

ಮಿಥುನ್ ಕೂರಲಿಲ್ಲ. ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಅಂಕಲ್, ಒಂದು ವಿಷಯ ಹೇಳ್ಬೇಕು. ನನಗೆ ಲಿನಕ್ಸ್ ಬರುವುದಿಲ್ಲ. ನನ್ನ ರೂಮಿನಲ್ಲಿ ಇರುವವನೊಬ್ಬ ದಿನಾ ಅದೇ ಮಾತಾಡ್ತಾನೆ. ಅವತ್ತು ಊಟಕ್ಕೆ ಕೂತಾಗ ನಿಮ್ಮೆದುರು ದೊಡ್ಡ ಜನ ಆಗುವ ಅಂತ ಹೇಳಿಬಿಟ್ಟೆ. ನಿಮ್ಮಲ್ಲಿ ಅದೇ ಉಂಟು ಅಂದಾಗ ಹೆದರಿಕೆ ಆಯ್ತು. ವಾರವಿಡೀ ಪುಸ್ತಕ ಓದಿದೆ. ಒಂದಕ್ಷರ ತಲೆಗೆ ಹತ್ಲಿಲ್ಲ."

ವಿಶ್ವನಾಥನ ಮುಖ ಸಣ್ಣಗಾಯಿತು. ಸದಾನಂದರಿಗೆ ಬಾಗಿಲು ಹಾರುಹೊಡೆದೇ ಇತ್ತು. ಹುಡುಗನ ಹಿಂದೆಯೇ ತಾವೂ ನಿಜ ಹೇಳಿ ಹೊರಗೆ ಬಂದುಬಿಡಬಹುದಿತ್ತು. ಆದರೆ ನಾಲಗೆಯ ಆ ಎಲುಬು!

"ಅಡ್ಡಿಲ್ಲ, ಅಡ್ಡಿಲ್ಲ" ಎಂದರು ದೊಡ್ಡ ಮನಸ್ಸಿನಿಂದ. "ಅಭ್ಯಾಸ ಆದ್ರೆ ಸುಲಭ. ನಾನು ಎಷ್ಟೋ ವರ್ಷದಿಂದ ಇದರಲ್ಲೇ ಪಳಗಿದವ."

"ಹೌದಾ? ಹಾಗಾದ್ರೆ ಒಂದು ಕಾಫಿ ಬಿಲ್ಲು ತೆಗ್ದು ತೋರಿಸಿ, ನೋಡುವ" ಎಂದರು ಹುಡುಗನ ತಾಯಿ, ಬರೀ ಕುತೂಹಲದಿಂದ.

ಸದಾನಂದರು ಮೌಸು ಹಿಡಿದರು. ಒಂದು ಒತ್ತಿದರು, ಲೆಕ್ಕದ ಯಂತ್ರ ಬಂತು. ಇನ್ನೊಂದು ಒತ್ತಿದರು, ಇಸ್ಪೀಟಿನ ಎಲೆಗಳು ಸಾಲಾಗಿ ಹರಡಿಕೊಂಡವು. "ಇದು... ಹೊಸ ಮಾದರಿ" ಎಂದರು.

"ಅಪ್ಪಾ, ಪೋದುಂ, ಸಾಕು" ಎಂದಳು ನಮಿತಾ. "ನಿನ್ನೆಯ ಬಿಲ್ಲು ಕೈಯಲ್ಲಿ ಬರೆದದ್ದು ಅಂತ ನಾಗರಾಜಣ್ಣ ಸೊಲ್ಲಿಟ್ಟಾರು."

ಸದಾನಂದರು ಪರದೆಯ ಇಸ್ಪೀಟು ರಾಜನನ್ನು ನೋಡಿದರು. ರಾಜನೂ ಅವರನ್ನೇ ನೋಡುತ್ತಿದ್ದ, ಇಬ್ಬರದೂ ಒಂದೇ ಗತ್ತು. ಅವರಿಗೆ ಒಳಗಿನಿಂದ ನಗು ಉಕ್ಕಿತು. ಟಿ. ನಗರದ ಪಾಯಸದಿಂದ ಬ್ಯಾಟರಿ ಪೆಟ್ಟಿಗೆಯವರೆಗೆ ಒಂದನ್ನೂ ಬಿಡದೆ ಹೇಳಿದರು. ಹಸಿರು ಓತಿಕ್ಯಾತದ ಮಾತು ಬಂದಾಗ ಹುಡುಗನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸದಾನಂದರೇ.

ಅವರೆಲ್ಲ ಹೋದ ಮೇಲೆ ಜಲಜಾಕ್ಷಿ ಹೇಳಿದರು, "ಹುಡುಗ ನಿಮ್ಮದೇ ಅಚ್ಚು. ಬೇಡ ಅಂತ ಹೇಳಿಕಳಿಸುವ. ಒಬ್ಬರನ್ನು ಕಟ್ಟಿಕೊಂಡು ನಾನು ಪಟ್ಟದ್ದು ಸಾಕು."

"ಅಚ್ಚು ಒಂದೇ ಅಲ್ಲಮ್ಮ" ಎಂದಳು ನಮಿತಾ. "ಅವರು ಸಿಕ್ಕಿಬೀಳುವ ಮೊದಲೇ ಹೇಳಿದ್ರು. ಅಪ್ಪ ಸಿಕ್ಕಿಬಿದ್ದ ಮೇಲೆ." "ಎನಕ್ಕು ಓಕೆ" ಎಂದು ತನ್ನ ಒಪ್ಪಿಗೆಯನ್ನೂ ಹೇಳಿದಳು.

ಸದಾನಂದರಿಗೆ ಸಂತೋಷವಾಯಿತು. ಚುಚ್ಚಿತೂ ಕೂಡ. ಯಾವುದು ಮೊದಲು ಆಯಿತೆಂದು ಹೇಳುವುದು ಕಷ್ಟ.

ಸೋಮವಾರ ಬೆಳಿಗ್ಗೆ ಅವರೇ ಬಾಬುವಿಗೆ ಫೋನು ಮಾಡಿದರು. ಅವನು ಬಂದು ಪರದೆ ನೋಡಿ, ತಾನು ಹಾಕಿಕೊಟ್ಟದ್ದು ಒಂದೂ ಕಾಣದೆ ತಲೆ ಕೆರೆದುಕೊಂಡ. "ಎನ್ನ ಸಾರ್ ಇದು? ಎಲ್ಲಾಮೇ ಪೋಚು! ವೈರಸ್ಸಾ?"

"ಆಮಾಪ್ಪಾ, ವೈರಸ್ ದಾನ್" ಎಂದು ಒಪ್ಪಿಕೊಂಡು ಸದಾನಂದರು ತಮ್ಮ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಕನ್ನಡಕ ಹಾಕಿದ ವೈರಸ್ಸು. ಕೂತ್ಕೋ, ಕಾಫಿ ಕುಡಿ, ಎಲ್ಲ ಹೇಳ್ತೇನೆ."