ಸದ್ದಿಲ್ಲದ ಕಂಪ್ಯೂಟರ್

ಚಾಮರಾಜನಗರದ ದಿನಪತ್ರಿಕೆಯೊಂದರ ಡೆಸ್ಕಿನಿಂದ ನಿವೃತ್ತನಾದ ಕುಮಾರಸ್ವಾಮಿ ಹಂಗಳದ ಮನೆಗೆ ಬಂದದ್ದು ಕಾದಂಬರಿ ಬರೆಯಲಿಕ್ಕೆ. ಕಾಡಂಚಿನ ಹೊಲಗಳಲ್ಲಿ ಆನೆ ನುಗ್ಗದಂತೆ ಬೆಳೆ ಕಾಯುತ್ತಿದ್ದವರ ಕತೆ. ವೃತ್ತಿಯುದ್ದಕ್ಕೂ ಬೇರೆಯವರ ವರದಿ ತಿದ್ದಿದ್ದ ಅವನಿಗೆ ಸ್ವಂತದ್ದೊಂದು ಪುಸ್ತಕವಿರಲಿಲ್ಲ.

ಹಳೆಯ ಲ್ಯಾಪ್‌ಟಾಪನ್ನು ಗುಂಡ್ಲುಪೇಟೆಯ ರಾಚಯ್ಯನ ರಿಪೇರಿ ಅಂಗಡಿಗೆ ಒಯ್ದ. ಇಂಟರ್‌ನೆಟ್ ಬೇಡ, ವಿಡಿಯೊ ಬೇಡ, ಗಡಿಯಾರವೂ ಕಾಣಬಾರದು. ಆನ್ ಮಾಡಿದರೆ ಕನ್ನಡ ಟೈಪ್ ಮಾಡುವ ಖಾಲಿ ಪುಟವಷ್ಟೇ ಬರಬೇಕು ಎಂದ.

"ಎಲ್ರೂ ಸ್ಪೀಡ್ ಮಾಡ್ಕೊಡಿ ಅಂತರೆ ಸಾ. ನೀವು ಕಣ್ಣು ಕಿವಿ ಎರಡೂ ಕಿತ್ತಾಕು ಅಂತೀರಲ್ಲ," ಎಂದು ರಾಚಯ್ಯ ನಕ್ಕ. ಹೇಳಿದಂತೆ ಮಾಡಿಕೊಟ್ಟ.

ಕುಮಾರಸ್ವಾಮಿ ಅದನ್ನು ನಡುಮನೆಯಲ್ಲಿ ಗೋಡೆಗೆ ಮುಖಮಾಡಿ ಇಟ್ಟು, ಫೋನನ್ನು ಬೀರುವಿನೊಳಗೆ ಹಾಕಿದ. ಇನ್ನು ಉಳಿದ ಸದ್ದೆಂದರೆ ಪಕ್ಕದ ಮನೆಯ ಸೋಮಮ್ಮನ ಮಾತು. ಸಂಜೆಯಾದರೆ ಅವಳು ಮೊರ ಹಿಡಿದು ಅವನ ಜಗಲಿಗೆ ಬಂದು, ಅವರೆಕಾಯಿ ಸುಲಿಯುತ್ತ, ಗಂಡನ ಜೊತೆ ಹೊಲದ ಮರದ ಅಟ್ಟಣೆಯ ಮೇಲೆ ಕೂತು ರಾಗಿ ಕಾದದ್ದನ್ನು ಹೇಳುತ್ತಿದ್ದಳು. "ಓಗಪ್ಪ ಗಣೇಸ, ನಮ್ಗೂ ಒಸಿ ಬುಡು" ಎಂದು ಆನೆಗೆ ಕೈಮುಗಿದದ್ದನ್ನು ಹೇಳುತ್ತಿದ್ದಳು. ಅವನ ಮೊದಲ ಪುಟಗಳು ಆ ಮಾತು ಕಿವಿಗೆ ಬೀಳುತ್ತಿದ್ದಾಗಲೇ ಹುಟ್ಟಿದ್ದವು. ಆಗ ಅದು ಅವನಿಗೆ ಹೊಳೆಯಲಿಲ್ಲ.

"ಸೋಮಕ್ಕ, ಒಸಿ ಸುಮ್ಕಿರು. ಬರೀತಾ ಇವ್ನಿ," ಎಂದ ಒಂದು ಸಂಜೆ.

"ಬರ್ಕೊ ಬರ್ಕೊ. ನಂದು ಇದ್ದುದ್ದೇ." ಮೊರ ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ಆಮೇಲೆ ಮೊಮ್ಮಗಳ ಬಾಣಂತನಕ್ಕೆಂದು ಕುದೇರಿಗೆ ಹೋದಳು.

ಮನೆ ನಿಶ್ಶಬ್ದವಾಯಿತು. ಬರೆದದ್ದೆಲ್ಲ ವರದಿಯಾಗತೊಡಗಿತು: ಯಾರು, ಎಲ್ಲಿ, ಯಾವಾಗ. ಕಾದಂಬರಿಯ ಅಟ್ಟಣೆಯ ಮೇಲೆ ಕೂತವರು ಬಾಯಿ ಬಿಡಲಿಲ್ಲ. ಕೊನೆಗೆ ಅವನು ಕುದೇರಿನ ಬಸ್ಸು ಹತ್ತಿದ.

"ಬಾ ಕುಮಾರ. ಮುಗೀತಾ ಬರೆಯಾದು?"

"ಇಲ್ಲ ಸೋಮಕ್ಕ. ಅಟ್ಟಣೆದು ಹೇಳ್ತಿದ್ಯಲ್ಲ, ಅದ ಇನ್ನೊಂದ್ಸಲ ಹೇಳು."

ಅವಳು ಯೋಚಿಸಿದಳು. "ಕಾಯ್ತಿದ್ದೋ. ಆನೆ ಬರೋದು. ಓಗೋದು." ಆಮೇಲೆ ತಾನೇ ಅಂದಳು: "ಇಂಗೆ ಎದುರ್ಗೆ ಕುಂತು ಕೇಳುದ್ರೆ ಬರಾಕಿಲ್ಲ ಕಣಪ್ಪ. ಬಂದ್ರೆ ತಾನಾಗೇ ಬತ್ತದೆ."

"ಅವತ್ತು ನಾನು ಸುಮ್ಕಿರು ಅನ್ಬಾರ್ದಿತ್ತು."

"ಅದ್ಕೇನು ಬುಡು. ಕಾಪಿ ಕುಡಿ," ಎಂದು ಲೋಟ ಕೊಟ್ಟು ಒಳಗೆ ಹೋದಳು.

ತುಸು ಹೊತ್ತಿನಲ್ಲೇ ಒಳಮನೆಯಿಂದ ಅವಳ ದನಿ ಕೇಳಿತು. ಬಾಣಂತಿಗೆ ಹೇಳುತ್ತಿದ್ದಳು: ಆನೆ ಅಟ್ಟಣೆಯ ಕಾಲಿಗೆ ಮೈ ಉಜ್ಜಿದ್ದು, ಗಂಡ ಹೆದರಿ ಅವಳ ಸೆರಗು ಹಿಡಿದದ್ದು. ಇಬ್ಬರೂ ನಗುತ್ತಿದ್ದರು. ಕುಮಾರಸ್ವಾಮಿ ತಡೆಯಲಾರದೆ ಎದ್ದು ಹೋಗಿ ಬಾಗಿಲಲ್ಲಿ ನಿಂತ.

ಸೋಮಮ್ಮ ಅವನನ್ನು ನೋಡಿ ಮಾತು ನಿಲ್ಲಿಸಿದಳು.

"ಸಕ್ರೆ ಕಮ್ಮಿ ಆಯ್ತಾ ಕುಮಾರ?" ಎಂದು ಕೇಳಿದಳು.