ಲಿಂಬೆ ಗಾಡಿಯ ಸಾಕ್ಷಿ

ನಾನು ಒಂದು ಪಿಕಪ್ ಗಾಡಿ. ನಾಳೆಯಿಂದ ಗಾಡಿಯೂ ಅಲ್ಲ, ಬರೀ ಕಬ್ಬಿಣ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ತಗಡು ಬಗ್ಗಿಸುವವರು, ಬೆಸುಗೆ ಹಾಕುವವರು, ಬಣ್ಣ ಹೊಡೆಯುವವರು ಎಂದು ಎಷ್ಟೋ ಕೈಗಳನ್ನು ದಾಟಿದೆ. ಕೊನೆಗೆ ನೀಲಿ ಅಂಗಿಯ ಒಬ್ಬ ಹೆಂಗಸು ನನ್ನ ಹೊಟ್ಟೆಗೆ ಮೊದಲ ಡೀಸೆಲ್ ಸುರಿದು ಕೀಲಿ ತಿರುಗಿಸಿದಾಗ ಬೆಚ್ಚಿಬಿದ್ದೆ. ಅಷ್ಟೊಂದು ಗದ್ದಲ ಮಾಡುತ್ತಿರುವುದು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆಯೂ ಬೆಚ್ಚಿಬೀಳುವುದೇ ನನ್ನ ಹಣೆಬರಹವಾಯಿತು.

ಮೊದಲ ಯಜಮಾನರು ವಿಜಯಪುರದ ಬೇಕರಿಯವರು. ಮೂರು ವರ್ಷ ಬ್ರೆಡ್ಡು, ಬನ್ನು ಹೊತ್ತು ತಿರುಗಿದೆ. ಹಗುರ ಕೆಲಸ, ಒಳ್ಳೆಯ ವಾಸನೆ. ಅವರು ದೊಡ್ಡ ಗಾಡಿ ಕೊಂಡ ವಾರವೇ ನನ್ನನ್ನು ಇಂಡಿ ಪಟ್ಟಣದ ಲಿಂಬೆ ವ್ಯಾಪಾರಿ ಮಲಕಪ್ಪ ಸಾಹುಕಾರರಿಗೆ ಕೊಟ್ಟುಬಿಟ್ಟರು. ಹೋಗುವಾಗ ಒಮ್ಮೆಯಾದರೂ ನನ್ನ ಬಾನೆಟ್ ತಟ್ಟಿಯಾರು ಎಂದು ಕಾದೆ. ತಟ್ಟಲಿಲ್ಲ.

ಇಂಡಿಯಲ್ಲಿ ನನ್ನನ್ನು ನೋಡಿಕೊಂಡವನು ಡ್ರೈವರ್ ಗೊಲ್ಲಾಳಪ್ಪ. ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಲಿಂಬೆಯ ಚೀಲ ಹೇರಿಕೊಂಡು ಝಳಕಿಯ ಮೇಲೆ ಹಾಯ್ದು ಸೊಲ್ಲಾಪುರಕ್ಕೆ ಹೋಗಿ ಬರುವುದು ನಮ್ಮ ಕೆಲಸ. ರಸ್ತೆಯ ಒಂದೊಂದು ತಗ್ಗೂ ಅವನಿಗೆ ಬಾಯಿಪಾಠ. ನನ್ನ ಬೆನ್ನಿಗೆ ಪೆಟ್ಟಾಗದ ಹಾಗೆ ಇಳಿಸಿ ಹತ್ತಿಸುತ್ತಿದ್ದ. ಮಾರುಕಟ್ಟೆಯವರು ಮಾಲನ್ನಷ್ಟೇ ಅಲ್ಲ, ಆಸ್ಪತ್ರೆಗೆ ಹೊರಟ ಮನೆಯ ಹೆಣ್ಣುಮಕ್ಕಳನ್ನೂ ಅವನ ಜೊತೆ ಕಳಿಸುತ್ತಿದ್ದರು. "ಗೊಲ್ಲಾಳ ಅದಾನಂದ್ರ ಚಿಂತಿ ಇಲ್ಲ" ಎನ್ನುತ್ತಿದ್ದರು. ಅವನಿಗೆ ಹೊಲವಿಲ್ಲ, ಬೇರೆ ಕಸುಬಿಲ್ಲ. ಜನ ಆಡುವ ಆ ಒಂದು ಮಾತಿನ ಮೇಲೆಯೇ ಅವನ ಬದುಕು ನಿಂತಿತ್ತು.

ಮಲಕಪ್ಪನವರೂ ಕೆಟ್ಟವರೇನಲ್ಲ ಎಂದುಕೊಂಡಿದ್ದೆ. ದೈವಭಕ್ತರು. ಅಮಾವಾಸ್ಯೆ ಬಂತೆಂದರೆ ನನಗೆ ಹಬ್ಬ. ಮೈ ತೊಳೆಸಿ, ಹಾರ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಕಾಯಿ ಒಡೆಸುತ್ತಿದ್ದರು. ಉಳಿದವರು ಬಾನೆಟ್ಟಿಗೆ ಕುಂಕುಮ ಹಚ್ಚಿ ಸುಮ್ಮನಾದರೆ, ಇವರು ಅಷ್ಟಕ್ಕೇ ಬಿಡುವವರಲ್ಲ. ಅರಿಶಿನ, ಕುಂಕುಮವನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಸ್ವಂತ ಕೈಯಿಂದ ಡೀಸೆಲ್ ಟಾಕಿಯ ಮುಚ್ಚಳಕ್ಕೆ ಮೆತ್ತುತ್ತಿದ್ದರು.

"ಎಲ್ಲಾ ಕಡಿ ಹಚ್ಚಿ ಉಣ್ಣೂ ಬಾಯಿ ಮರೀಬಾರ್ದು" ಎನ್ನುತ್ತಿದ್ದರು.

ಹಳೆಯದರ ಮೇಲೆ ಹೊಸದು, ಅದರ ಮೇಲೆ ರಸ್ತೆಯ ಧೂಳು. ಎರಡು ವರ್ಷದಲ್ಲಿ ಮುಚ್ಚಳದ ಮೇಲೆ ಬೆಲ್ಲದ ಅಚ್ಚಿನಷ್ಟು ದಪ್ಪ ಕೂತಿತು. ಇಷ್ಟು ಪ್ರೀತಿ ಯಾವ ಗಾಡಿಗೆ ಸಿಕ್ಕೀತು ಎಂದು ನಾನು ಬೀಗುತ್ತಿದ್ದೆ.

ಆಗಲೇ ನನಗೆ ಆ ರೋಗ ಹತ್ತಿತು. ಮುಂಜಾನೆ ಚೆನ್ನಾಗಿಯೇ ಹೊರಡುತ್ತಿದ್ದೆ. ಹತ್ತು ಹನ್ನೆರಡು ಮೈಲಿ ಹೋಗುವಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಹಿಡಿದು ಎಳೆದಂತಾಗುತ್ತಿತ್ತು. ನಿಂತಲ್ಲಿ ಎಂಜಿನ್ ಗಡಗಡ ನಡುಗುತ್ತಿತ್ತು. ಅದರ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಕೊನೆಗೆ ಎಂಜಿನ್ನೇ ತಟ್ಟನೆ ಬಂದ್ ಆಗಿಬಿಡುತ್ತಿತ್ತು. ಗೊಲ್ಲಾಳಪ್ಪ ನನ್ನನ್ನು ಲಾಲಸಾಬ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದ. ಮಿಸ್ತ್ರಿ ಫಿಲ್ಟರ್ ಬದಲಿಸಿದರು, ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಿದರು, ನಾಜಲ್ ಬಿಚ್ಚಿ ತೊಳೆದರು, ಟಾಕಿ ಬರಿದು ಮಾಡಿ ಕಸ ತೆಗೆದರು. ಪ್ರತಿ ಸಲವೂ ಗ್ಯಾರೇಜಿನಲ್ಲಿ ನಾನು ಜಾಣ ಮಗುವಿನಂತೆ ನಡೆದೆ. ರಸ್ತೆಗೆ ಬಂದರೆ ಮತ್ತೆ ಅದೇ ಹಾಡು. ನನಗೇ ನಾಚಿಕೆಯಾಗುತ್ತಿತ್ತು.

ಒಂದು ದಿನ ಝಳಕಿಯ ಹತ್ತಿರ ನಿಂತುಬಿಟ್ಟೆ. ಡೀಸೆಲ್ ಮುಗಿದಿರಬೇಕೆಂದು ಗೊಲ್ಲಾಳಪ್ಪ ಟಾಕಿಯ ಮುಚ್ಚಳ ತಿರುಗಿಸಿದ. ಬುಸ್ ಎಂದು ಜೋರಾಗಿ ಸದ್ದಾಯಿತು. ಕೀಲಿ ತಿರುಗಿಸಿದರೆ ಎರಡೇ ಸಲಕ್ಕೆ ಎದ್ದು ನಿಂತೆ. ಅವನು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅದೇ ಸಂಜೆ ಸಾಹುಕಾರರಿಗೆ ಹೇಳಿದ.

"ಸಾವುಕಾರ್ರ, ಮುಚ್ಚಳ ತಗದ್ರ ಬುಸ್ ಅಂತೈತ್ರಿ. ಆಮ್ಯಾಲ ನಡಿತೈತ್ರಿ."

"ಗಾಡಿ ಏನ್ ಹಾವೇನಲೇ, ಬುಸ್ ಅನ್ನಾಕ?" ಎಂದು ಮಲಕಪ್ಪ ನಕ್ಕರು. ಅಂಗಡಿಯ ಮುಂದೆ ಕೂತವರೆಲ್ಲ ನಕ್ಕರು. ಗೊಲ್ಲಾಳಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ದಿನವೂ ದಾರಿಯಲ್ಲಿ ಒಂದೆರಡು ಕಡೆ ಇಳಿದು, ಮುಚ್ಚಳ ತೆಗೆದು, ಮುಚ್ಚಿ, ಹತ್ತಿ ಕೂರುತ್ತಿದ್ದ. ಲಿಂಬೆ ಹೊತ್ತಿಗೆ ಸರಿಯಾಗಿ ಸೊಲ್ಲಾಪುರ ಮುಟ್ಟುತ್ತಿತ್ತು.

ಹಾಗೆ ಇಳಿದಿದ್ದ ಒಂದು ದಿನ ಮಲಕಪ್ಪ ಬೈಕಿನ ಮೇಲೆ ಅದೇ ದಾರಿಯಲ್ಲಿ ಬಂದರು. ಗೊಲ್ಲಾಳಪ್ಪ ಟಾಕಿಗೆ ಬಗ್ಗಿದ್ದ, ಪಕ್ಕದಲ್ಲಿ ರೇಡಿಯೇಟರಿಗೆ ನೀರು ಹಾಕುವ ಕ್ಯಾನು ಇತ್ತು. ಅವನು ನೋಡಲಿಲ್ಲ, ನಾನು ನೋಡಿದೆ. ಬೈಕು ಸಾವಕಾಶವಾಯಿತು. ಆಮೇಲೆ ನಿಲ್ಲದೆ ಮುಂದೆ ಹೋಯಿತು.

ಮರುದಿನ ಮಾರುಕಟ್ಟೆಯಲ್ಲಿ ಲಿಂಬೆಯ ಹರಾಜು ಕೂಗುತ್ತಿದ್ದರು. ಗೊಲ್ಲಾಳಪ್ಪ ನನ್ನ ಹಿಂಬಾಗಿಲು ಬಿಚ್ಚುತ್ತಿದ್ದ. ಮಲಕಪ್ಪ ನೇರ ಬಂದವರೇ ಅವನ ಕೆನ್ನೆಗೆ ಬಾರಿಸಿದರು. ಕೂಗು ನಿಂತುಹೋಯಿತು.

"ನನ್ನ ಅನ್ನಾ ತಿಂದು ನನ್ನ ಗಾಡಿದಾಗಿಂದ ಎಣ್ಣಿ ಕದೀತೀಯೇನಲೇ?"

"ನಾ ಕದ್ದಿಲ್ರಿ ಸಾವುಕಾರ್ರ! ಗಾಡಿ ನಿಂತಿತ್ರಿ!"

"ಕ್ಯಾನ್ ಹಿಡದು ಗಾಡಿ ರಿಪೇರಿ ಮಾಡ್ತಾರೇನಲೇ? ಕೀಲಿ ಇಡು. ನಡಿ."

ನನಗೆ ದಿಕ್ಕೇ ತೋಚಲಿಲ್ಲ. ಅಷ್ಟು ದೊಡ್ಡ ಹಾರ್ನ್ ಇಟ್ಟುಕೊಂಡು ಒಂದು ಮಾತು ಹೇಳಲಾಗದ ನನ್ನ ಜನ್ಮಕ್ಕೆ ಬೆಂಕಿ ಬೀಳಲಿ ಎನ್ನಿಸಿತು. ಗೊಲ್ಲಾಳಪ್ಪ ಕೀಲಿಯನ್ನು ಸೀಟಿನ ಮೇಲಿಟ್ಟು ತಲೆ ತಗ್ಗಿಸಿ ಹೋದ. ಆಮೇಲೆ ಆ ಊರಿನಲ್ಲಿ ಒಬ್ಬರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಅದೇ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನಾದ.

ಸಾಹುಕಾರರು ತಾವೇ ನನ್ನನ್ನು ಓಡಿಸತೊಡಗಿದರು. ಮೊದಲ ದಿನವೇ ಝಳಕಿಗೆ ಮುಂಚೆ ನಿಂತೆ, ಎರಡನೆಯ ದಿನವೂ ನಿಂತೆ. ಮೂರನೆಯ ದಿನ ಲಾಲಸಾಬ ಮಿಸ್ತ್ರಿ, "ಗ್ಯಾರೇಜಿನ್ಯಾಗ ಇದು ಸುಳ್ಳ ಹೇಳ್ತೈತ್ರಿ. ಬಿದ್ದ ಜಾಗಾದಾಗ ನೋಡೂಣು" ಎಂದು ಜೊತೆಗೆ ಹತ್ತಿದರು. ನಾನು ನಡುಗಿ ನಿಂತ ಕೂಡಲೇ ಇಳಿದು, ಬಾನೆಟ್ ಮುಟ್ಟದೆ ಕೇಳಿದರು.

"ಹಿಂಗ ನಿಂತಾಗ ಗೊಲ್ಲಾಳ ಏನ್ ಮಾಡ್ತಿದ್ದ?"

"ಏನ್ ಮಾಡ್ತಾನ? ಮುಚ್ಚಳ ತಗದು ಎಣ್ಣಿ ಕದೀತಿದ್ದ."

"ಆಮ್ಯಾಲ ಗಾಡಿ ಚಾಲೂ ಆಗ್ತಿತ್ತೋ ಇಲ್ಲೋ?"

ಮಿಸ್ತ್ರಿ ಮುಚ್ಚಳ ತಿರುಗಿಸಿದರು. ಬುಸ್! ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಮಿಸ್ತ್ರಿ ಚಾಕುವಿನಿಂದ ಆ ದಪ್ಪ ಕುಂಕುಮವನ್ನು ಕೆರೆದು ತೋರಿಸಿದರು. ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ತೂತು ಇತ್ತು.

"ಇದು ಗಾಳಿ ಒಳಗ ಹೋಗೂ ತೂತ್ರಿ. ಎಣ್ಣಿ ಎಷ್ಟ್ ಖರ್ಚಾಗತೈತೋ ಅಷ್ಟು ಗಾಳಿ ಟಾಕಿಯೊಳಗ ಬರಬೇಕು. ಬರಲಿಲ್ಲಂದ್ರ ಎಂಜಿನ್ ಎಷ್ಟ ಎಳದ್ರೂ ಎಣ್ಣಿ ಬರೂದಿಲ್ಲ. ಗ್ಯಾರೇಜಿನ್ಯಾಗ ಎಣ್ಣಿ ನೋಡಾಕಂತ ಮೊದಲ ಮುಚ್ಚಳಾನ ತಗೀತೀವಿ, ಅದಕ್ಕ ಅಲ್ಲಿ ರೋಗ ಸಿಗಲಿಲ್ಲ. ಇದನ್ನ ಮೆತ್ತಿದವರು ಯಾರ್ರಿ?"

ಮಲಕಪ್ಪನವರ ಮುಖ ಬಿಳಿಚಿತು. ನಾನೂ ಬೆಚ್ಚಿಬಿದ್ದೆ. ನನ್ನ ಉಸಿರು ಕಟ್ಟಿಸಿದ್ದು ನಾನು ಬೀಗುತ್ತಿದ್ದ ಆ ಪ್ರೀತಿಯೇ! ಆದರೂ ಒಳಗೊಳಗೇ ಸಂತೋಷವಾಯಿತು. ಇನ್ನು ಗೊಲ್ಲಾಳಪ್ಪ ಬರುತ್ತಾನೆ ಎಂದುಕೊಂಡೆ.

"ಲಾಲಸಾಬ, ಈ ಮಾತು ನಮ್ಮಿಬ್ಬರಾಗ ಇರಲಿ" ಎಂದರು ಸಾಹುಕಾರರು. ಮಿಸ್ತ್ರಿ ಒಮ್ಮೆ ಅವರನ್ನು ದಿಟ್ಟಿಸಿ, ಚಾಕು ಒರೆಸಿಕೊಂಡರು.

ಅಂದೇ ಸಂಜೆ ಮಲಕಪ್ಪ ಗೊಲ್ಲಾಳಪ್ಪನ ಮನೆಗೆ ನನ್ನನ್ನು ತಂದರು. ಬಾಗಿಲಲ್ಲೇ ನಿಂತು, ಸುತ್ತಮುತ್ತ ನೋಡಿ, ಕುಂಕುಮದಿಂದ ತೂತು ಮುಚ್ಚಿದ್ದ ಸಂಗತಿಯನ್ನು ಮೆಲ್ಲಗೆ ಹೇಳಿದರು.

"ನಂದ ತಪ್ಪಾತು. ನಾಳಿಂದ ಕೆಲಸಕ್ಕ ಬಾ."

ಗೊಲ್ಲಾಳಪ್ಪ ಎಲ್ಲವನ್ನೂ ಕೇಳಿಕೊಂಡ. ಸಿಟ್ಟು ಮಾಡಲಿಲ್ಲ.

"ಬರ್ತೀನ್ರಿ. ಆದ್ರ ನೀವು ಹೊಡದದ್ದು ನಾಕ ಮಂದಿ ಮುಂದ. ಈ ಮಾತೂ ಅಲ್ಲೇ ಹೇಳ್ರಿ. ಕಳ್ಳ ಅಲ್ಲ ಅಂತ ಅಷ್ಟ ಸಾಕ್ರಿ."

"ದೇವರಿಗಂತ ಹಚ್ಚಿದ್ದು, ಮಂದಿ ನಗತಾರಲೋ" ಎಂದರು ಸಾಹುಕಾರರು. ಗೊಲ್ಲಾಳಪ್ಪ ಕೈ ಮುಗಿದು ಒಳಗೆ ಹೋದ. ಅವರು ಬಂದು ನನ್ನನ್ನು ತಿರುಗಿಸಿಕೊಂಡು ಹೋದರು.

ಮುಂದಿನ ಹರಾಜಿನ ದಿನ ಹೇಳಿಯಾರು ಎಂದು ಕಾದೆ. ಅದರ ಮುಂದಿನ ದಿನವೂ ಕಾದೆ. ನಾನೀಗ ಒಂದು ಸಲವೂ ನಿಲ್ಲದೆ ಓಡುತ್ತಿದ್ದೆ, ಆದರೆ ಅವರಿಗೆ ನನ್ನ ಮುಖ ನೋಡುವುದೇ ಕಷ್ಟವಾಯಿತು. ತಿಂಗಳಾಗುವಷ್ಟರಲ್ಲಿ ಚಡಚಣದ ಹಾಲಿನ ವ್ಯಾಪಾರಿಯೊಬ್ಬರು ನನ್ನನ್ನು ನೋಡಲು ಮಾರುಕಟ್ಟೆಗೆ ಬಂದರು.

"ದಾರಿಯಾಗ ನಿಲ್ಲತಿತ್ತಂತ ಕೇಳಿದ್ವಿ. ಏನ್ ದೋಷ ಇತ್ರಿ?"

ಗೊಲ್ಲಾಳಪ್ಪ ಅದೇ ಹೊತ್ತಿಗೆ ಚೀಲ ಹೊತ್ತು ನಮ್ಮ ಪಕ್ಕ ಹಾಯುತ್ತಿದ್ದ. ಮಲಕಪ್ಪ ಅವನನ್ನು ನೋಡಿದರು. ಈಗ ಹೇಳುತ್ತಾರೆ, ಈಗ ಹೇಳಲೇಬೇಕು ಎಂದು ನಾನು ಬಿಗಿಹಿಡಿದು ನಿಂತೆ.

"ಗಾಡಿದೇನೂ ದೋಷ ಇಲ್ರಿ" ಎಂದರು ಅವರು. "ಡ್ರೈವರ್ ಕಳ್ಳ ಇದ್ದ."

ಗೊಲ್ಲಾಳಪ್ಪನ ಹೆಜ್ಜೆ ಒಂದು ಕ್ಷಣ ನಿಂತಿತು. ಆಮೇಲೆ ಚೀಲ ಸರಿಪಡಿಸಿಕೊಂಡು ನಡೆದುಹೋದ.

ಚಡಚಣದಲ್ಲಿ ಹನ್ನೊಂದು ವರ್ಷ ಹಾಲು ಹೊತ್ತೆ. ಮುದಿಯಾದೆ, ತುಕ್ಕು ಹಿಡಿಯಿತು, ಈಗ ಸೊಲ್ಲಾಪುರ ರಸ್ತೆಯ ಗುಜರಿ ಅಂಗಳದಲ್ಲಿ ಬಿದ್ದಿದ್ದೇನೆ. ಎಷ್ಟೋ ಸಲ ಗುದ್ದಿಸಿಕೊಂಡಿದ್ದೇನೆ, ಒಮ್ಮೆ ಹಳ್ಳಕ್ಕೂ ಬಿದ್ದಿದ್ದೇನೆ. ಅಂದು ಆ ಮಾತು ಕೇಳಿ ಆದ ಆಘಾತ ಇನ್ನೂ ಇಳಿದಿಲ್ಲ. ತಿಳಿಯದೆ ಹೊಡೆದದ್ದನ್ನು ಹೇಗೋ ನುಂಗಿಕೊಂಡೆ. ತಿಳಿದ ಮೇಲೆಯೂ ಒಬ್ಬ ಮನುಷ್ಯ ಹಾಗೆ ಹೇಳಬಲ್ಲನೇ?

ನಾಳೆ ಮುಂಜಾನೆ ಕತ್ತರಿಸುವವರು ಬರುತ್ತಾರಂತೆ. ಲಾಲಸಾಬ ಮಿಸ್ತ್ರಿ ತೀರಿಕೊಂಡರೆಂದು ಕೇಳಿದೆ. ಸಾಹುಕಾರರು ಬಾಯಿ ಬಿಡುವವರಲ್ಲ. ಉಳಿದ ಸಾಕ್ಷಿ ನಾನೊಬ್ಬನೇ. ಅದಕ್ಕೇ ಇವತ್ತು ನಿಮ್ಮೆದುರು ಹೇಳುತ್ತಿದ್ದೇನೆ: ಇಂಡಿಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಗೊಲ್ಲಾಳಪ್ಪ ನನ್ನ ಟಾಕಿಯಿಂದ ಒಂದು ತೊಟ್ಟು ಡೀಸೆಲ್ ಕೂಡ ಕದ್ದವನಲ್ಲ.