ಮೊದಲ ಬಸ್ಸಿನ ಡ್ರೈವರಕ್ಕ ಮತ್ತು ಮಡಿಚುವ ಸೈಕಲ್ಲು

ಊರಿನ ಮೊದಲ ಬಸ್ಸು ಓಡಿಸುವವಳಿಗೆ ತಾನು ಕೆಲಸಕ್ಕೆ ಹೋಗಲು ಬಸ್ಸಿರುವುದಿಲ್ಲ. ಈ ಮಾತು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಒಂದು ಗಳಿಗೆ ಯೋಚಿಸಿ "ಹೌದಲ್ವಾ!" ಎನ್ನುತ್ತಿದ್ದರು. ಡಿಪೋದಲ್ಲಿ ಎಲ್ಲರೂ ಡ್ರೈವರಕ್ಕ ಎಂದೇ ಕರೆಯುತ್ತಿದ್ದ ಆಕೆಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಆಸ್ಪತ್ರೆ ಮಾರ್ಗದ ಬಸ್ಸನ್ನು ಗೇಟಿನಿಂದ ಹೊರಗೆ ತೆಗೆಯಬೇಕು. ಮನೆ ಹೊಳೆಯ ಈಚೆ ದಡದಲ್ಲಿ, ಡಿಪೋ ಆಚೆ ದಡದ ದಿಬ್ಬದ ನೆತ್ತಿಯಲ್ಲಿ.

ಬಹಳ ಕಾಲ ಅಣ್ಣನೇ ಅವಳನ್ನು ಸ್ಕೂಟರಿನಲ್ಲಿ ಬಿಟ್ಟುಬರುತ್ತಿದ್ದ. ಅವನ ಮನೆ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ. ಮೇಲಿನ ಮಹಡಿಯಲ್ಲಿ ಅಮ್ಮನ ಜೊತೆ ಇವಳು. ಅಣ್ಣ ಒಳ್ಳೆಯವನೇ. ಆದರೆ ಬೆಳಗಿನ ಜಾವ ಎದ್ದ ಅಣ್ಣ ಬೇರೆಯೇ ಮನುಷ್ಯ. ಹೆಲ್ಮೆಟ್ಟಿನೊಳಗಿನಿಂದಲೇ ಆಕಳಿಸುತ್ತ, ದಾರಿಯುದ್ದಕ್ಕೂ ಗೊಣಗುತ್ತ, "ನೀನು ಮಧ್ಯಾಹ್ನದ ಶಿಫ್ಟ್ ಕೇಳಬಾರ್ದಾ? ನನ್ನ ಬೆನ್ನು ನನಗೇ ಗೊತ್ತು" ಎನ್ನುತ್ತಿದ್ದ. ಅವಳು ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಿರುತ್ತಿದ್ದಳು. ಇಷ್ಟು ದೊಡ್ಡ ಬಸ್ಸನ್ನು ಸಂದಿಗೊಂದಿಗಳಲ್ಲಿ ಒಂದು ಗೀರು ಬೀಳದಂತೆ ನುಗ್ಗಿಸುವ ಹೆಂಗಸು ತನ್ನ ಕೆಲಸಕ್ಕೆ ತಾನೇ ಹೋಗಲಾರದೆ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಹೋಗುವುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ದಿನ ಸ್ಕೂಟರು ಕೈಕೊಟ್ಟಿತು. ಅವಳು ತಲುಪುವಷ್ಟರಲ್ಲಿ ಅವಳ ಬಸ್ಸನ್ನು ಬೇರೊಬ್ಬ ತೆಗೆದುಕೊಂಡು ಹೋಗಿದ್ದ. ದಿನವಿಡೀ ಡಿಪೋದ ಬೆಂಚಿನ ಮೇಲೆ ಬದಲಿ ಡ್ರೈವರಾಗಿ ಕಾಯುತ್ತ ಕೂತಳು. ಸಂಜೆ ಮನೆಗೆ ಬಂದವಳೇ, "ನಾಳೆಯಿಂದ ನೀನು ಏಳಬೇಡ ಕಣೋ, ಮಲ್ಕೋ" ಎಂದು ಅಣ್ಣನಿಗೆ ಹೇಳಿದಳು.

ಮಡಿಚುವ ಎಲೆಕ್ಟ್ರಿಕ್ ಸೈಕಲ್ ಬಂದದ್ದು ಹಾಗೆ. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಪುಟ್ಟ ಚಕ್ರ, ಉದ್ದ ಕತ್ತಿನ ಸೀಟು, ನಡುವಿಗೊಂದು ಕೀಲು. ಕಟ್ಟಡದ ಮುಂದೆ ಅದನ್ನು ಬಿಚ್ಚಿ ನಿಲ್ಲಿಸಿದಾಗ ಅಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನೇ ಇದು, ಸರ್ಕಸ್ಸಿನ ಕರಡಿ ಹತ್ತಿರ ಕಿತ್ಕೊಂಡು ಬಂದ್ಯಾ?"

"ಕರಡಿ ಹತ್ತಿದ್ರೆ ನಿನಗೇನು, ನಾನು ಹತ್ತಿದ್ರೆ ನಿನಗೇನು?"

"ಮೂರು ದಿನ ನೋಡು. ಆಮೇಲೆ ಸ್ಕೂಟರ್ ಹತ್ತಿರಾನೇ ಬರ್ತೀಯ."

ಮೂರು ದಿನ ಕಳೆಯಿತು, ಮಳೆಗಾಲವೂ ಕಳೆಯಿತು, ಅವಳು ಬರಲಿಲ್ಲ. ಹಾಗೆಂದು ಆ ಸೈಕಲ್ಲಿನ ಜೊತೆಗಿನ ಸಂಸಾರ ಸುಲಭದ್ದೇನಾಗಿರಲಿಲ್ಲ. ಅಗ್ಗದ ವಸ್ತು ತನ್ನ ಅಗ್ಗತನವನ್ನು ಮುಚ್ಚಿಡುವುದಿಲ್ಲ. ಬ್ರೇಕು ಹಿಡಿದರೆ ಬೀದಿ ನಾಯಿಗಳೆಲ್ಲ ಕತ್ತೆತ್ತಿ ನೋಡುವಂತೆ ಕಿರುಚುತ್ತಿತ್ತು. ನಡುವಿನ ಕೀಲು ಸಡಿಲಾಗಿ ಗುಂಡಿ ಬಂದಲ್ಲೆಲ್ಲ ಟಕ್ ಎನ್ನುತ್ತಿತ್ತು. ಬ್ಯಾಟರಿ ಎಷ್ಟಿದೆಯೆಂದು ತೋರಿಸುವ ಗೆರೆಗಳಂತೂ ಶುದ್ಧ ಸುಳ್ಳುಬುರುಕ ಗೆರೆಗಳು. ಅರ್ಧ ಇದೆ ಎಂದು ನಂಬಿಸಿ ಏರಿನ ನಡುವೆ ಒಮ್ಮೆಗೇ ಕಣ್ಣು ಮುಚ್ಚುತ್ತಿದ್ದವು. ಮೆಟ್ಟಿಲು ಹತ್ತಿಸುವಾಗ ಅದರ ಭಾರ ತುಂಬಿದ ಗ್ಯಾಸ್ ಸಿಲಿಂಡರನ್ನು ನೆನಪಿಸುತ್ತಿತ್ತು. ಮೊದಲ ವಾರ ಅವಳ ತೊಡೆಯ ಮೇಲೆ ಪೆಡಲು ತಗುಲಿದ ನೀಲಿ ಗುರುತುಗಳು. ಆಮೇಲೆ ಹೇಗೆ ಹಿಡಿದರೆ ತಗುಲುವುದಿಲ್ಲ ಎಂಬುದು ಕೈಗೆ ಬಂತು. ಹಿಂದಿನ ಚಕ್ರ ಬಿಚ್ಚುವಾಗ ಮೋಟಾರಿನ ವೈರನ್ನು ಎಳೆಯದೆ ಬಿಡಿಸುವುದನ್ನು ಡಿಪೋದ ಹಿರಿಯ ಮೆಕ್ಯಾನಿಕ್ ಕಲಿಸಿಕೊಟ್ಟ. ಸದಾ ಗ್ರೀಸಿನಲ್ಲೇ ಮುಳುಗಿರುತ್ತಿದ್ದ ಅವನನ್ನು ಎಲ್ಲರೂ ಗ್ರೀಸಜ್ಜ ಎನ್ನುತ್ತಿದ್ದರು. ಕೀಲನ್ನೂ ಅವನೇ ಬಿಗಿ ಮಾಡಿದ. "ಇದರ ಯೋಗ್ಯತೆಗೆ ಇದು ಸಾಕು ಬಿಡಮ್ಮ. ನೀನು ನೋಡ್ಕೊಂಡಂಗೆ ಇರುತ್ತೆ" ಎಂದ.

ಅವಳು ನೋಡಿಕೊಂಡಳು. ಸರಪಳಿಗೆ ಎಣ್ಣೆ ಬಿಟ್ಟಳು, ಗಾಳಿ ಕಡಿಮೆಯಾದರೆ ಹೆಬ್ಬೆರಳೊತ್ತಿ ಕಂಡುಹಿಡಿದಳು. ಬೆಳಗಿನ ಜಾವ ಇನ್ನೂ ಮುಚ್ಚಿದ ಅಂಗಡಿಗಳ ಮುಂದೆ, ಬೇಕರಿಯ ಹಿಂಬಾಗಿಲಿನಿಂದ ಬರುವ ಬಿಸಿ ವಾಸನೆಯನ್ನು ದಾಟಿಕೊಂಡು, ಸೇತುವೆಯ ದೀಪಗಳ ಕೆಳಗೆ ಒಬ್ಬಳೇ ಸಾಗುವಾಗ ಯಾರ ಹಂಗೂ ಇಲ್ಲ, ಯಾರ ಆಕಳಿಕೆಯೂ ಇಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಡಿಪೋ ಗೇಟಿನ ಮುಂದೆ ಇಳಿದು ಎರಡು ಏಟಿಗೆ ಸೈಕಲ್ಲು ಮಡಿಚುವುದನ್ನು ಕಾವಲುಗಾರ ದಿನಾ ನೋಡುತ್ತಿದ್ದ. ಅವನು ನೋಡುತ್ತಾನೆಂದು ಗೊತ್ತಿದ್ದೇ ಅವಳು ಸ್ವಲ್ಪ ಠೀವಿಯಿಂದ ಮಡಿಚುತ್ತಿದ್ದಳು.

ಅದನ್ನು ಇಡಲು ಮಾತ್ರ ಜಾಗ ಸಿಕ್ಕಿರಲಿಲ್ಲ. ಡಿಪೋ ಮ್ಯಾನೇಜರ್ ಮೂಗು ಮುರಿದಿದ್ದರು. "ವಿಶ್ರಾಂತಿ ಕೋಣೆಗೆ ಆಟದ ಸಾಮಾನೆಲ್ಲ ತರಬೇಡಿ. ಚಾರ್ಜಿಗಂತೂ ಹಾಕ್ಲೇಬೇಡಿ." ಅವಳು ಅದನ್ನು ಹಳೆ ಟೈರುಗಳ ಹಿಂದೆ ಒಂದು ಚೀಲ ಹೊದಿಸಿ ಇಡುತ್ತಿದ್ದಳು, ಮನೆಯಲ್ಲೇ ಚಾರ್ಜು ಮಾಡುತ್ತಿದ್ದಳು.

ಇಷ್ಟರಲ್ಲಿ ಅಮ್ಮನ ಕಿವಿಗೆ ಒಂದು ಸುದ್ದಿ ಬಿತ್ತು. ಪಕ್ಕದ ಮನೆಯಾಕೆ, ಇಂಥ ಬ್ಯಾಟರಿಗಳು ಪಟಾಕಿಯ ಹಾಗೆ ಸಿಡಿಯುತ್ತವಂತೆ ಎಂದು ಹೇಳಿ ಹೋಗಿದ್ದಳು. ಅಂದು ರಾತ್ರಿ ಮಗಳು ಮಲಗಿದ ಮೇಲೆ ಅಮ್ಮ ಮೆಲ್ಲಗೆ ಎದ್ದು ಚಾರ್ಜರಿನ ಸ್ವಿಚ್ಚು ಆರಿಸಿ, ಬ್ಯಾಟರಿಯ ಮೇಲೊಂದು ದಪ್ಪ ಟವೆಲ್ಲು ಹೊದಿಸಿ ಬಂದು ನೆಮ್ಮದಿಯಾಗಿ ನಿದ್ದೆ ಹೋದಳು.

ಮರುದಿನ ಬೆಳಗಿನ ಜಾವ ಅವಳು ಟವೆಲ್ಲು ಕಂಡು ಅಮ್ಮನನ್ನು ಎಬ್ಬಿಸಿದಳು.

"ಅಮ್ಮಾ, ಸ್ವಿಚ್ ಯಾಕೆ ಆರಿಸಿದೆ?"

"ಮನೇಲಿ ನಾವಿಬ್ರೂ ಬದುಕಿರಬೇಕಲ್ವೇನೇ?"

ಗೆರೆಗಳಲ್ಲಿ ಒಂದೇ ಒಂದು ಉಳಿದಿತ್ತು. ಮೋಟಾರನ್ನು ಏರಿಗೆಂದು ಉಳಿಸಿ, ಸಪಾಟಿನಲ್ಲಿ ಪೆಡಲು ತುಳಿದುಕೊಂಡೇ ಹೋದರಾಯಿತು ಎಂದುಕೊಂಡು ಹೊರಟಳು.

ಸೇತುವೆಯ ಬಳಿ ಬಂದಾಗ ಮುಂದೆಲ್ಲ ಕೆಂಪು ದೀಪಗಳು. ಎಣ್ಣೆಯ ಟ್ಯಾಂಕರೊಂದು ಸೇತುವೆಯ ನಟ್ಟನಡುವೆ ಮಗುಚಿಕೊಂಡಿತ್ತು. ಎಣ್ಣೆ ರಸ್ತೆಯ ಅಗಲಕ್ಕೂ ಹರಡಿ, ಪೊಲೀಸರು ಎರಡೂ ಕಡೆ ಹಗ್ಗ ಕಟ್ಟಿ ನಿಂತಿದ್ದರು. ಸಾಲಿನಲ್ಲಿ ಡಿಪೋದ ಇಬ್ಬರು ಡ್ರೈವರುಗಳ ಬೈಕೂ ಇತ್ತು, ಇನ್ನೊಬ್ಬನ ಕಾರೂ ಇತ್ತು. ಕಾರಿನವನು ಕಿಟಕಿ ಇಳಿಸಿ, "ಇವತ್ತು ಮೊದಲ ಬಸ್ಸೆಲ್ಲ ಗೋವಿಂದ. ನಿಂತ್ಕೊಳ್ಳಿ ಅಕ್ಕ, ಇನ್ನೇನು ಮಾಡೋದು" ಎಂದ.

ಅವಳ ಕಣ್ಣಿಗೆ ಕಂಡದ್ದು ಹೊಳೆಯ ಮೇಲ್ದಂಡೆಯ ಹಳೆಯ ಕಾಲುಸೇತುವೆ. ನಡೆಯುವವರಿಗೆ ಮಾತ್ರ ಇದ್ದ ಅದಕ್ಕೆ ಕಡಿದಾದ ಕಬ್ಬಿಣದ ಮೆಟ್ಟಿಲು, ಬೈಕು ಹತ್ತುವಂತಿರಲಿಲ್ಲ. ಆಚೆ ದಡದ ಆಸ್ಪತ್ರೆ ಮಾರ್ಗದ ನಿಲ್ದಾಣಗಳಲ್ಲಿ ಈ ಹೊತ್ತಿಗೆ ಕಾಯುವ ಮುಖಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಪಾಳಿ ಬದಲಿಸಲು ಹೋಗುವ ನರ್ಸುಗಳು, ಅಡುಗೆಮನೆಯವರು, ನೆಲ ಒರೆಸುವ ಹೆಂಗಸರು. ಇವರು ಹೋಗದಿದ್ದರೆ ಇರುಳೆಲ್ಲ ನಿಂತು ಕೆಲಸ ಮಾಡಿದವರು ಮನೆಗೆ ಬರುವಂತಿಲ್ಲ.

"ನಿಂತ್ಕೊಳ್ಳೋಕೆ ನಾನೇನು ದೀಪದ ಕಂಬವಾ?" ಎಂದವಳೇ ಅಲ್ಲೇ ಇಳಿದು ಸೈಕಲ್ಲು ಮಡಿಚಿ ಹೆಗಲಿಗೇರಿಸಿದಳು. ಹಿಂದಿನಿಂದ ಯಾರೋ ಸೀಟಿ ಹಾಕಿದರು. ಅದು ಅಣಕವೋ ಮೆಚ್ಚುಗೆಯೋ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಉಸಿರು ಗಂಟಲಿಗೆ ಬಂತು. ಒಮ್ಮೆ ಕೆಳಗಿಟ್ಟಳು, ಹೆಗಲು ಬದಲಿಸಿದಳು, ಮತ್ತೆ ಹತ್ತಿದಳು. ಆಚೆ ದಡದಲ್ಲಿ ಬಿಚ್ಚಿ, ಕೀಲನ್ನು ಎರಡು ಸಲ ಒತ್ತಿ ನೋಡಿ, ಮೋಟಾರು ಹಾಕಿದಳು. ದಿಬ್ಬದ ಮೊದಲ ತಿರುವಿನವರೆಗೆ ಅದು ನಿಯತ್ತಾಗಿ ಎಳೆಯಿತು. ಆಮೇಲೆ ಉಳಿದ ಒಂದು ಗೆರೆಯೂ ಆರಿಹೋಯಿತು.

ಆ ಏರನ್ನು ಅವಳು ಎಂದೂ ಪೆಡಲು ತುಳಿದು ಹತ್ತಿರಲಿಲ್ಲ, ಬ್ಯಾಟರಿ ಕೈಕೊಟ್ಟಾಗಲೆಲ್ಲ ಇಳಿದು ತಳ್ಳಿದ್ದಳು. ಇವತ್ತೂ ತಳ್ಳೋಣ ಅನ್ನಿಸಿತು. ತಳ್ಳಿದರೆ ಹೊತ್ತಾಗುತ್ತದೆ. ಸೀಟಿನಿಂದ ಎದ್ದು ನಿಂತು ತುಳಿದಳು. ಪುಟ್ಟ ಚಕ್ರ, ಸತ್ತ ಮೋಟಾರಿನ ಭಾರ, ಬಸ್ಸಿನಲ್ಲಿ ವರ್ಷಗಟ್ಟಲೆ ಕೂತು ಜಡವಾದ ಕಾಲು. ಬೀದಿದೀಪದಿಂದ ಬೀದಿದೀಪಕ್ಕೆ, ಇನ್ನೊಂದೇ, ಇನ್ನೊಂದೇ ಎಂದು ತನ್ನನ್ನು ತಾನೇ ಪುಸಲಾಯಿಸಿಕೊಂಡು ತುಳಿದಳು. ತೊಡೆ ಉರಿಯಿತು, ಬೆವರು ಕಣ್ಣಿಗಿಳಿಯಿತು. ಎರಡನೆಯ ತಿರುವು ದಾಟಿದ ಮೇಲೆ ಅವಳಿಗೊಂದು ವಿಚಿತ್ರ ಖುಷಿ ಹತ್ತಿತು. ಇಷ್ಟು ದಿನ ಮೋಟಾರು ತನ್ನನ್ನು ಒಯ್ಯುತ್ತಿದೆ ಎಂದುಕೊಂಡಿದ್ದಳು. ಇವತ್ತು ಮೋಟಾರನ್ನೂ ಸೇರಿಸಿ ಎಲ್ಲವನ್ನೂ ತಾನೇ ಒಯ್ಯುತ್ತಿದ್ದಾಳೆ! ಆ ಏದುಸಿರಿನಲ್ಲೇ ಜೋರಾಗಿ ನಕ್ಕಳು. ದಾರಿಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಡಿಪೋದಲ್ಲಿ ಬಸ್ಸುಗಳೆಲ್ಲ ಕತ್ತಲಲ್ಲಿ ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಫೋನು ಕಿವಿಗಿಟ್ಟು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ, "ಒಬ್ಬರೂ ಇಲ್ಲ ಸಾರ್, ಒಬ್ಬರೂ ಬಂದಿಲ್ಲ" ಎನ್ನುತ್ತಿದ್ದವರು ಬ್ರೇಕಿನ ಕಿರುಚಾಟ ಕೇಳಿ ಬೆಚ್ಚಿ ತಿರುಗಿದರು.

"ನೀವು ಹೇಗೆ ಬಂದ್ರಿ? ಸೇತುವೆ ಬಂದ್ ಅಂದ್ರಲ್ಲ!"

"ಆಟದ ಸಾಮಾನು ಸಾರ್. ಹೊತ್ಕೊಂಡು ಬಂದೆ." ಅಷ್ಟೇ ಹೇಳುವಷ್ಟು ಉಸಿರಿತ್ತು. "ಕೀ ಕೊಡಿ."

ಮ್ಯಾನೇಜರ್ ಕೀ ಕೊಟ್ಟು ಸೈಕಲ್ಲನ್ನು ತಾವೇ ಹಿಡಿದುಕೊಂಡರು. ಅದನ್ನು ಹೇಗೆ ಮಡಿಚುವುದೆಂದು ತಿಳಿಯದೆ ಅವರು ತಡಕಾಡುವುದನ್ನು ಕನ್ನಡಿಯಲ್ಲಿ ನೋಡುತ್ತಲೇ ಅವಳು ಬಸ್ಸು ಹೊರಗೆ ತೆಗೆದಳು.

ಮೊದಲ ನಿಲ್ದಾಣದಲ್ಲಿ ಬಸ್ಸಿನ ಬೆಳಕು ಕಂಡೊಡನೆ ಕೂತವರೆಲ್ಲ ಎದ್ದರು. ದಿನಾ ಮುಂದಿನ ಸೀಟಿನಲ್ಲೇ ಕೂರುವ ಹಿರಿಯ ನರ್ಸು ಹತ್ತುತ್ತ, "ಸೇತುವೆ ಸುದ್ದಿ ಕೇಳಿ ಇವತ್ತು ಬಸ್ಸು ಬರಲ್ಲ ಅಂದ್ಕೊಂಡ್ವಿ" ಎಂದಳು. ಆಮೇಲೆ ಇವಳ ಒದ್ದೆ ಕೂದಲು, ಎಣ್ಣೆ ಮೆತ್ತಿದ ಹೆಗಲು ನೋಡಿ, "ಇದೇನಮ್ಮ, ಬಸ್ಸನ್ನ ತಳ್ಕೊಂಡು ಬಂದ್ಯಾ?" ಎಂದಳು.

"ಹೆಚ್ಚೂಕಮ್ಮಿ ಹಾಗೇನೇ. ಕೂತ್ಕೊಳ್ಳಿ, ಹೊರಡೋಣ."

ಆ ಬೆಳಗ್ಗೆ ಡಿಪೋದಿಂದ ಹೊತ್ತಿಗೆ ಸರಿಯಾಗಿ ಹೊರಟದ್ದು ಅದೊಂದೇ ಬಸ್ಸು.

ಶಿಫ್ಟು ಮುಗಿಸಿ ಬಂದಾಗ ಸೈಕಲ್ಲು ಗ್ರೀಸಜ್ಜನ ಕೋಣೆಯ ಒಳಗೆ, ಗೋಡೆಗೆ ಆತು ನಿಂತಿತ್ತು. ಬ್ಯಾಟರಿ ಚಾರ್ಜಿನಲ್ಲಿತ್ತು. "ಹೊಂದುವ ಚಾರ್ಜರ್ ಹುಡುಕಿಸಿದ್ದು ಮ್ಯಾನೇಜರೇ ಕಣಮ್ಮ. ಇನ್ಮೇಲೆ ಇದರ ಜಾಗ ಇದೇ ಅಂತೆ" ಎಂದ ಗ್ರೀಸಜ್ಜ. ಬೆಳಗ್ಗೆ ಕಾರಿನಲ್ಲಿ ಸೇತುವೆ ಬಳಿ ಸಿಕ್ಕಿಕೊಂಡಿದ್ದ ಡ್ರೈವರು ನಾಚಿಕೆಪಡುತ್ತ ಹತ್ತಿರ ಬಂದು, ಒಂದು ಸುತ್ತು ಹೊಡೆಯಲೇ ಎಂದು ಕೇಳಿದ. ಅವನ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅವಳು ಸೈಕಲ್ಲು ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಮೇಲಿನ ಪಡಸಾಲೆಯಲ್ಲಿ ಅಣ್ಣನ ದನಿ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಹೇಳುತ್ತಿದ್ದ.

"ಸೇತುವೆ ಮುರಿದೇ ಬಿದ್ದಿತ್ತು ಅಂತಿಟ್ಕೊಳ್ಳಿ. ನಮ್ಮ ತಂಗಿ ಸೈಕಲ್ಲನ್ನ ಒಂದೇ ಕೈಯಲ್ಲಿ ಎತ್ಕೊಂಡು ಓಡಿದ್ಲು ಸಾರ್, ಓಡಿದ್ಲು! ಇಡೀ ಆಸ್ಪತ್ರೆ ನಿಂತುಹೋಗ್ತಿತ್ತು. ಸೈಕಲ್ ಅಂದ್ರೆ ಅದು ಸೈಕಲ್ಲು. ನಾನೇ ಹೇಳಿದ್ದು, ತಗೋ ಅಂತ."

ಅವಳು ಮೆಟ್ಟಿಲಿನ ತಿರುವಿನಲ್ಲೇ ನಿಂತಳು. ತೋಳು ಸೋಲುತ್ತಿತ್ತು. ಆದರೂ ಮುಂದೆ ಹೆಜ್ಜೆಯಿಡಲಿಲ್ಲ. ಅಣ್ಣ ಕತೆಯನ್ನು ಪೂರ್ತಿ ಹೇಳಿ ಮುಗಿಸಲಿ ಎಂದು, ಸೈಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟು, ಗೋಡೆಗೊರಗಿ ಕೇಳತೊಡಗಿದಳು.